ನಾಲ್ಕು ಗಂಟೆಯ ಸಫಾಯಿ

ಭಾಗ್ಯನಗರ, ಕೊಪ್ಪಳ
12-4-1987

ಅಪ್ಪನಿಗೆ ಮಗಳು ಗಾಳೆಮ್ಮಳ ನಮಸ್ಕಾರ.

ಕಾಗದದಲ್ಲಿ ‘ನೀವು’ ಎಂದು ಬರೆದರೆ ಯಾರೋ ಓವರ್‌ಸಿಯರಿಗೆ ಬರೆದಂತೆ ಕಾಣುತ್ತದೆ ಎಂದು ಹೋದ ಸಲ ನೀನು ಬೈದಿದ್ದೆ. ಅದಕ್ಕೆ ‘ನೀನು’ ಎಂದೇ ಬರೆಯುತ್ತೇನೆ. ನಾನು ಆರಾಮಿದ್ದೇನೆ. ಆರಾಮ ಅಂದರೆ ಜ್ವರ ನೆಗಡಿ ಇಲ್ಲ, ಅಷ್ಟೇ. ಮನಸ್ಸಿಗೆ ಮಾತ್ರ ಹೇಸಿಗೆ ಹಿಡಿದಿದೆ.

ಕೊಪ್ಪಳದ ನಮ್ಮ ಕಚೇರಿಗೆ ಕಾಲುವೆ ನೀರಿನ ಪಾಳಿ ಲೆಕ್ಕ ಹಾಕಲು ಕಂಪ್ಯೂಟರ್ ತಂದದ್ದು ನಿನಗೆ ಗೊತ್ತಿದೆ. ಎರಡು ಬೀರು ಜೋಡಿಸಿಟ್ಟಷ್ಟು ದೊಡ್ಡದು. ಅದಕ್ಕೆ ಏಸಿ, ನಮಗೆ ಕುಡಿಯಲು ಉಪ್ಪುನೀರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೈದರಾಬಾದಿನಲ್ಲಿ ಒಂದು ವರ್ಷ ಕಲಿತು ಬಂದವಳು ಎಂದು ಅದರ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ಕಟ್ಟಲಿ, ಅದಕ್ಕೆ ಬೇಜಾರಿಲ್ಲ.

ಕೆಲಸ ಇಷ್ಟು. ನೀನು ಇಪ್ಪತ್ತೆರಡು ವರ್ಷದಿಂದ ಲಸ್ಕರನಾಗಿ ಗೇಟು ತಿರುಗಿಸುವ ಆ ಉಪಕಾಲುವೆಗೆ ಹೊಸ ಪಾಳಿ ಪಟ್ಟಿ ಆಗಬೇಕು. ಹಳೇ ಪಟ್ಟಿಯಲ್ಲಿ ಮೇಲಿನವರಿಗೆ ಮೊದಲು, ಕೆಳಗಿನವರಿಗೆ ಕೊನೆಗೆ. ಕೊನೆ ಮುಟ್ಟುವ ಹೊತ್ತಿಗೆ ಕಾಲುವೆಯಲ್ಲಿ ಕಪ್ಪೆಯೂ ಉಳಿದಿರುವುದಿಲ್ಲ. ಹೊಸದು ಕೆಳಗಿನಿಂದ ಮೇಲಕ್ಕೆ. ಜುಲೈ ಹತ್ತಕ್ಕೆ ನೀರು ಬಿಡುತ್ತಾರೆ. ಅಷ್ಟರೊಳಗೆ ಪಟ್ಟಿ ಅಚ್ಚಾಗಿ ಬಂದರೆ ಕೆಳಗಿನ ಹನ್ನೊಂದು ಊರಿಗೆ ಈ ವರ್ಷ ನೀರು. ಬರದಿದ್ದರೆ ಹಳೇ ಪಟ್ಟಿ, ಅದೇ ಒಣ ಕಾಲುವೆ.

ಪಟ್ಟಿ ಮಾಡುವ ಪ್ರೋಗ್ರಾಮು ನಾನು ಬರೆದಾಗಿದೆ. ಆದರೆ ನಾನು ಬರೆದದ್ದು ಯಂತ್ರಕ್ಕೆ ನೇರ ತಿಳಿಯುವುದಿಲ್ಲ. ಅದನ್ನೆಲ್ಲ ಯಂತ್ರವೇ ತನ್ನ ಭಾಷೆಗೆ ತಿರುಗಿಸಿ, ತುಂಡು ತುಂಡಾಗಿ ಜೋಡಿಸಿ ಕಟ್ಟಿಕೊಳ್ಳಬೇಕು. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಪ್ರೋಗ್ರಾಮು ದೊಡ್ಡದು, ಯಂತ್ರ ಬಡಪಾಯಿ. ಒಂದು ಬಿಲ್ಡಿಗೆ ಇಪ್ಪತ್ತಾರು ತಾಸು ಬೇಕು. ಮುಗಿಯುವವರೆಗೆ ಅರೆಬರೆ ತುಂಡುಗಳನ್ನು ಅದು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಕೊಂಡಿರುತ್ತದೆ.

ಈಗ ಹೇಸಿಗೆಯ ಮಾತು. ದಿನಾ ಸಂಜೆ ನಾಲ್ಕಕ್ಕೆ ಯಂತ್ರ ತಾನೇ ಎದ್ದು ಸಫಾಯಿ ಮಾಡಬೇಕು ಎಂದು ಸುತ್ತೋಲೆ ಇದೆ. ಆ ಮೂಲೆಯಲ್ಲಿ ಇದ್ದಬದ್ದದ್ದನ್ನೆಲ್ಲ ಗುಡಿಸಿ ಹಾಕುತ್ತದೆ. ಕಸ ಯಾವುದು, ಅರ್ಧ ಆದ ಕೆಲಸ ಯಾವುದು ಎಂದು ನೋಡುವುದಿಲ್ಲ. ದಿನಕ್ಕೆ ಇಪ್ಪತ್ನಾಲ್ಕು ತಾಸು, ನನ್ನ ಬಿಲ್ಡಿಗೆ ಇಪ್ಪತ್ತಾರು. ಯಾವಾಗ ಶುರು ಮಾಡಿದರೂ ನಡುವೆ ಒಂದು ನಾಲ್ಕು ಗಂಟೆ ಬಂದೇ ಬರುತ್ತದೆ. ಮೂರು ಸಲ ಕಟ್ಟಿದೆ, ಮೂರು ಸಲವೂ ಗುಡಿಸಿ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಾಹೇಬರಿಗೆ ಹೇಳಿದೆ. ಕಿವಿಯಲ್ಲಿ ಬೆಂಕಿಕಡ್ಡಿ ತಿರುಗಿಸುತ್ತಾ ಕೇಳಿದರು. “ಸುತ್ತೋಲೆ ಐತಲ್ಲವಾ. ನಿನ್ನ ಕೆಲಸಾನ ಇಪ್ಪತ್ಮೂರು ತಾಸಿನ್ಯಾಗ ಮುಗಸು” ಎಂದರು. ಕಡ್ಡಿಯ ತುದಿ ನೋಡಿಕೊಂಡು ಅಂಗಿಗೆ ಒರೆಸಿಕೊಂಡರು. ಅವತ್ತು ನನಗೆ ಊಟ ಸೇರಲಿಲ್ಲ.

ಕಚೇರಿ ಕಸ ಹೊಡೆಯುವ ಭೀಮಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಪೊರಕೆ ಕೆಳಗಿಟ್ಟು, “ಒಬ್ರು ಉಣ್ಣಾಕ ಕುಂತಾಗ ಯಾರರ ಕಸ ಹೊಡಿತಾರೇನ್ರಿ? ಮಷೀನಿಗೆ ಅಷ್ಟೂ ತಿಳಿಯಂಗಿಲ್ಲೇನು?” ಎಂದಳು. ಸಾಹೇಬರಿಗಿಂತ ಚೆನ್ನಾಗಿ ತಿಳಿದದ್ದು ಅವಳಿಗೆ.

ಅವ್ವನಿಗೆ ಮಂಡಿನೋವು ಹೇಗಿದೆ ಬರೆ.

ನಿನ್ನ ಮಗಳು,
ಗಾಳೆಮ್ಮ


ಸೈಫನ್ ವಸತಿ, ಗಂಗಾವತಿ ತಾಲೂಕು
21-4-1987

ಚಿರಂಜೀವಿ ಗಾಳೆಮ್ಮಗೆ ಅಪ್ಪ ಅವ್ವನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಅವ್ವನ ಮಂಡಿ ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ. ಕಾಲುವೆ ಬಂದ್ ಆಗಿದೆ. ಗ್ಯಾಂಗಿನವರು ಸೈಫನ್ನಿನಲ್ಲಿ ಹೂಳು ತೆಗೆಯುತ್ತಿದ್ದಾರೆ. ಬಿಸಿಲು ಬಹಳ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಯಂತ್ರದ ವಿಷಯ ನನಗೆ ತಿಳಿಯದು. ಸಾಹೇಬರ ವಿಷಯ ತಿಳಿಯುತ್ತದೆ. ಗಡಿಯಾರ ನೋಡಿ ಕೆಲಸ ಮಾಡುವವರು, ಕೆಲಸ ನೋಡಿ ಗಡಿಯಾರ ತಿರುಗಿಸುವವರಲ್ಲ. ಅವರಿಗೆ ಬೈದು ನಿನ್ನ ಬಾಯಿ ಯಾಕೆ ಕೆಡಿಸಿಕೊಳ್ಳುತ್ತೀ.

ನಮ್ಮಲ್ಲಿ ಒಂದು ಪದ್ಧತಿ ಇದೆ, ನಿನಗೆ ಉಪಯೋಗಕ್ಕೆ ಬಂದರೆ ನೋಡು. ನಮ್ಮ ಮನೆ ಮುಂದಿನ ಸೈಫನ್ ನಿನಗೆ ಗೊತ್ತು. ಕಾಲುವೆ ಹಳ್ಳದ ಅಡಿಯಿಂದ ಹಾಯ್ದು ಆಚೆ ಏಳುವ ಸುರಂಗ. ಹೂಳು ತೆಗೆಯಲು ಅದರೊಳಗೆ ಇಳಿಯುವ ಮನುಷ್ಯ ತನ್ನ ರುಮಾಲನ್ನು ಬಿಚ್ಚಿ ಗೇಟಿನ ಚಕ್ರಕ್ಕೆ ಕಟ್ಟಿ ಇಳಿಯುತ್ತಾನೆ. ರುಮಾಲು ಚಕ್ರದ ಮೇಲೆ ಇರುವವರೆಗೆ ಯಾವ ಲಸ್ಕರನೂ ಚಕ್ರ ಮುಟ್ಟುವುದಿಲ್ಲ. ಒಳಗೆ ಇಳಿದವನೇ ಮೇಲೆ ಬಂದು ತನ್ನ ಕೈಯಿಂದ ತೆಗೆಯಬೇಕು. ಬೇರೆ ಯಾರೂ ತೆಗೆಯುವ ಹಾಗಿಲ್ಲ. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ನಡೆಯುತ್ತದೆ.

ನಿನ್ನ ಯಂತ್ರಕ್ಕೂ ಅಂಥ ರುಮಾಲು ಕಟ್ಟಲು ಬರುತ್ತದೆಯೇ?

ಕೆಳಗಿನ ಊರಿನವರು ದಿನಾ ಕೇಳುತ್ತಾರೆ. “ಓಬಳೆಪ್ಪ, ಮಗಳು ಪಟ್ಟಿ ಮಾಡಾಕತ್ತಾಳಂತಲ್ಲ, ಈ ಸಲ ನಮಗ ನೀರ ಬರ್ತೈತೇನು?” ಅನ್ನುತ್ತಾರೆ. ಬರುತ್ತದೆ ಎಂದು ಹೇಳಿಬಿಟ್ಟಿದ್ದೇನೆ. ತಪ್ಪೋ ಸರಿಯೋ ನೀನೇ ನೋಡು.

ನಿನ್ನ ಅಪ್ಪ,
ಓಬಳೆಪ್ಪ


ಭಾಗ್ಯನಗರ
10-5-1987

ಅಪ್ಪಾ,

ನಮಸ್ಕಾರ. ನಿನ್ನ ರುಮಾಲು ಕಟ್ಟಿಯಾಯಿತು.

ಯಂತ್ರ ರಿಪೇರಿಗೆ ಕಂಪನಿಯಿಂದ ಫಕ್ರುದ್ದೀನ ಎಂಬುವರು ಬರುತ್ತಾರೆ. ಕನಕಗಿರಿಯವರು, ಮಾತು ಕಡಿಮೆ. ಅವರಿಗೆ ನಿನ್ನ ಸೈಫನ್ನಿನ ಪದ್ಧತಿ ಹೇಳಿದೆ. ಕೇಳಿ, “ನಿಮ್ಮ ಅಪ್ಪಾರಿಗೆ ಇಂಜಿನಿಯರ್ ಪಗಾರ ಕೊಡಬೇಕ್ರಿ” ಎಂದರು. ಆಮೇಲೆ ಇಬ್ಬರೂ ಕುಳಿತು ಮಾಡಿದೆವು. ಬಿಲ್ಡ್ ಶುರುವಾಗುವಾಗ ‘ರುಮಾಲು’ ಎಂಬ ಹೆಸರಿನ ಒಂದು ಖಾಲಿ ಕಡತ ಯಂತ್ರದೊಳಗೆ ಹುಟ್ಟುತ್ತದೆ. ನಾಲ್ಕಕ್ಕೆ ಸಫಾಯಿ ಎದ್ದಾಗ ಮೊದಲು ಅದು ಇದೆಯೋ ಇಲ್ಲವೋ ನೋಡುತ್ತದೆ. ಇದ್ದರೆ ಪೊರಕೆ ಮುಟ್ಟದೆ ಮಲಗುತ್ತದೆ. ಬಿಲ್ಡ್ ಮುಗಿದಾಗ ತನ್ನ ರುಮಾಲನ್ನು ತಾನೇ ತೆಗೆಯುತ್ತದೆ.

ಸಾಹೇಬರನ್ನು ಕೇಳಿದೆವು. “ಹೂಂ, ಮಾಡ್ರಿ” ಎಂದರು. ಬರೆದು ಕೊಡಿ ಎಂದರೆ, “ಬಾಯಿ ಮಾತಿಗೆ ಕಿಮ್ಮತ್ತಿಲ್ಲೇನು?” ಎಂದು ಸಿಟ್ಟಾದರು. ಇರಲಿ.

ನನ್ನ ಜೊತೆ ವಿರುಪಣ್ಣ ಎಂಬ ಗುಮಾಸ್ತ ಕೂರುತ್ತಾನೆ. ಸಫಾಯಿ ರಿಜಿಸ್ಟರು ಬರೆಯುವವನು ಅವನೇ. ಕುಷ್ಟಗಿಯವನು, ಒಳ್ಳೆಯವನು, ನಿನ್ನ ವಯಸ್ಸಿಗಿಂತ ಸ್ವಲ್ಪ ಚಿಕ್ಕವನು. ದಿನಾ ನನಗೂ ಒಂದು ಕಪ್ ಚಹಾ ತರುತ್ತಾನೆ. ಬಿಲ್ಡ್ ಅಂದರೆ ಏನು, ರುಮಾಲು ಯಾಕೆ ಎಂದೆಲ್ಲ ಅವನಿಗೆ ಎರಡು ದಿನ ಕೂರಿಸಿ ತಿಳಿಸಿ ಹೇಳಿದ್ದೇನೆ. “ಅಂದ್ರ ಒಳಗ ಮನಷ್ಯಾ ಇದ್ದಂಗ ಅಲ್ರಿ?” ಎಂದು ಕೇಳಿದ. ಹೌದು ಎಂದೆ.

ನಾಡಿದ್ದು ಮಂಗಳವಾರ ಮೂರು ಗಂಟೆಗೆ ಶುರು ಮಾಡುತ್ತೇನೆ. ಬುಧವಾರ ಐದಕ್ಕೆ ಮುಗಿಯುತ್ತದೆ. ಅವ್ವನಿಗೆ ಹೇಳು, ಹುಲಿಗೆಮ್ಮನಿಗೆ ಒಂದು ಕಾಯಿ ಒಡೆಸಲಿ.

ನಿನ್ನ ಮಗಳು,
ಗಾಳೆಮ್ಮ


ಭಾಗ್ಯನಗರ
17-5-1987

ಅಪ್ಪಾ,

ಥೂ. ಕಾಗದದ ಮೊದಲನೇ ಮಾತು ಇದಾಗಬಾರದು, ಆದರೆ ಬೇರೆ ಮಾತು ಬರುತ್ತಿಲ್ಲ.

ಮಂಗಳವಾರ ನಾಲ್ಕಕ್ಕೆ ಸಫಾಯಿ ಎದ್ದಿತು, ರುಮಾಲು ನೋಡಿತು, ಸುಮ್ಮನೆ ಮಲಗಿತು. ನಾನೂ ಫಕ್ರುದ್ದೀನರೂ ನಕ್ಕೆವು. ಬುಧವಾರ ಮಧ್ಯಾಹ್ನದವರೆಗೆ ಎಲ್ಲ ಸರಿ ಇತ್ತು. ಸರ್ವೆ ನಂಬರಿನ ಪುಸ್ತಕ ತರಲು ತಾಲೂಕು ಕಚೇರಿಗೆ ಹೋಗಿದ್ದೆ. ನಾಲ್ಕೂವರೆಗೆ ಬಂದು ನೋಡಿದರೆ ಯಂತ್ರದ ಆ ಮೂಲೆ ಬೋಳು. ಒಂದು ತಾಸು, ಅಪ್ಪಾ. ನಾಲ್ಕರ ಮೇಲೆ ಇನ್ನು ಒಂದು ತಾಸು ಬಿಟ್ಟಿದ್ದರೆ ಪಟ್ಟಿ ನನ್ನ ಕೈಯಲ್ಲಿರುತ್ತಿತ್ತು.

ಆದದ್ದು ಇಷ್ಟು. ಸಫಾಯಿ ರಿಜಿಸ್ಟರಿನಲ್ಲಿ ಮಂಗಳವಾರದ ಸಾಲು ಖಾಲಿ ಇದ್ದದ್ದನ್ನು ಸಾಹೇಬರು ನೋಡಿದರು. ಎರಡನೇ ದಿನವೂ ಖಾಲಿ ಬಿಟ್ಟರೆ ತಪಾಸಣೆಯಲ್ಲಿ ತಮ್ಮನ್ನು ಕೇಳುತ್ತಾರೆ ಎಂದು ಹೆದರಿದರು. “ಅದೇನೋ ಟಾವೆಲ್ ಕಟ್ಟ್ಯಾರಂತಲ್ಲ, ತೆಗಿ ಅದನ್ನ” ಎಂದರಂತೆ. ನಾಲ್ಕಕ್ಕೆ ಐದು ನಿಮಿಷ ಇದ್ದಾಗ ವಿರುಪಣ್ಣ ಕುಳಿತು ರುಮಾಲು ತೆಗೆದ. ನಾಲ್ಕಕ್ಕೆ ಪೊರಕೆ ಬಂತು. ಆಮೇಲೆ ರಿಜಿಸ್ಟರಿನಲ್ಲಿ ಚಂದದ ಅಕ್ಷರದಲ್ಲಿ ‘ಸಫಾಯಿ ಆಗಿದೆ’ ಎಂದು ಬರೆದು ಸಹಿ ಮಾಡಿದ.

ಯಾಕೆ ಹೀಗೆ ಮಾಡಿದಿ ಎಂದು ಕೇಳಿದೆ. “ಸಾಹೇಬ್ರು ಅಂದ್ರು, ತೆಗದೆ” ಎಂದ. ಅಷ್ಟೇ. ಆಮೇಲೆ ಚಹಾ ತಂದು ನನ್ನ ಮುಂದೆ ಇಟ್ಟ. ಅದನ್ನು ಮುಟ್ಟಲಿಲ್ಲ. ಎದ್ದು ಹೊರಗೆ ಹೋದೆ.

ಸಾಹೇಬರ ಮೇಲೆ ನನಗೆ ಇಷ್ಟು ಹೇಸಿಗೆ ಇಲ್ಲ. ಆ ಮನುಷ್ಯನಿಗೆ ಬಿಲ್ಡ್ ಅಂದರೆ ಏನೆಂದೇ ಗೊತ್ತಿಲ್ಲ. ಆದರೆ ವಿರುಪಣ್ಣನಿಗೆ ಗೊತ್ತಿತ್ತು. ಒಳಗೆ ಮನುಷ್ಯ ಇದ್ದಂತೆ ಅಲ್ಲವೇ ಎಂದು ಕೇಳಿದವನೇ ಅವನು. ಗೊತ್ತಿದ್ದೂ ತೆಗೆದ. ನನ್ನನ್ನು ಹುಡುಕಿ ಒಂದು ಮಾತು ಹೇಳಲಿಲ್ಲ, ತಾಲೂಕು ಕಚೇರಿ ಏನು ಕಾಶಿಯಲ್ಲಿ ಇದೆಯೇ?

ನೀನು ಎಷ್ಟೋ ಮಂದಿಯನ್ನು ನೋಡಿದವನು. ಇನ್ನೊಬ್ಬನ ರುಮಾಲನ್ನು ಗೊತ್ತಿದ್ದೂ ತೆಗೆಯುವವನು ಎಂಥಾ ಮನುಷ್ಯ, ಹೇಳು. ರಾತ್ರಿ ಅವನಿಗೆ ಅನ್ನ ಹೇಗೆ ಇಳಿಯುತ್ತದೆ?

ನಿನ್ನ ಮಗಳು,
ಗಾಳೆಮ್ಮ


ಸೈಫನ್ ವಸತಿ
2-6-1987

ಚಿರಂಜೀವಿ ಗಾಳೆಮ್ಮಗೆ ಆಶೀರ್ವಾದ.

ಕಾಗದ ಮುಟ್ಟಿತು. ಉತ್ತರ ತಡವಾಯಿತು. ಅವ್ವ ಹುಲಿಗಿಗೆ ಹೋಗಿ ಕಾಯಿ ಒಡೆಸಿ ಬಂದಳು. ಕೋಳಿ ಎಂಟು ಮರಿ ಮಾಡಿತ್ತು, ಎರಡನ್ನು ಹದ್ದು ಒಯ್ದಿತು. ಸೈಫನ್ನಿನ ಹೂಳು ಮುಗಿಯುತ್ತಾ ಬಂದಿದೆ.

ವಿರುಪಣ್ಣನಿಗೆ ಹೆಚ್ಚು ಬೈಯಬೇಡ.

ಓಬಳೆಪ್ಪ


ಭಾಗ್ಯನಗರ
14-6-1987

ಅಪ್ಪಾ,

ನಮಸ್ಕಾರ. ನಿನ್ನ ಆರು ಸಾಲಿನ ಕಾಗದ ಓದಿ ನಿನ್ನ ಮೇಲೂ ಸಿಟ್ಟು ಬಂತು. ನಾನು ಒಂದು ಮಾತು ಕೇಳಿದ್ದೆ. ನೀನು ಕೋಳಿಮರಿಯ ಲೆಕ್ಕ ಕೊಟ್ಟೆ. ವಿರುಪಣ್ಣ ನಿನಗೆ ಯಾವ ಊರ ನೆಂಟ ಎಂದು ಅವನ ಪರ ಬರೆಯುತ್ತೀ? ಮೈಗೆ ಹುಷಾರಿಲ್ಲವೋ ಏನೋ ಎಂದು ಆಮೇಲೆ ಅನ್ನಿಸಿತು. ಇಲ್ಲದಿದ್ದರೆ ಇಲ್ಲ ಎಂದು ಬರೆ.

ಇಲ್ಲಿ ಈಗ ಬೇರೆ ನಾಟಕ ನಡೆದಿದೆ. ಫಕ್ರುದ್ದೀನರು ಮೇಲಿನ ಕಚೇರಿಗೆ ಎರಡು ಕಾಗದ ಬರೆದರು, ಉತ್ತರ ಇಲ್ಲ. ಕೆಲಸವನ್ನು ಎರಡು ತುಂಡು ಮಾಡಿ ಕಟ್ಟಲು ಬರುತ್ತದೆಯೇ ಎಂದು ನೋಡಿದೆ. ಅರ್ಧವನ್ನು ಬೇರೆ ಕಡೆ ತೆಗೆದಿಡಲು ಡಿಸ್ಕಿನಲ್ಲಿ ಜಾಗ ಇಲ್ಲ. ಹೋದ ವಾರ ಸಾಹೇಬರೇ ಕರೆದರು. ಜುಲೈ ಮೊದಲ ವಾರ ದೊಡ್ಡ ಸಾಹೇಬರು ಬಂದು ಕಂಪ್ಯೂಟರಿಗೆ ಹಾರ ಹಾಕಿ ಪಟ್ಟಿ ಬಿಡುಗಡೆ ಮಾಡುತ್ತಾರಂತೆ. ಪಟ್ಟಿ ಇಲ್ಲದಿದ್ದರೆ ಹಾರ ಯಾರಿಗೆ ಹಾಕುವುದು? ಅದಕ್ಕೆ ಇವರಿಗೆ ಈಗ ಬಿಲ್ಡಿನ ಮೇಲೆ ಪ್ರೀತಿ ಬಂದಿದೆ.

“ನಿನ್ನ ಟಾವೆಲ್ ಕಟ್ಟಿಕೋ. ಎರಡು ದಿನ ಯಾರೂ ಮುಟ್ಟಂಗಿಲ್ಲ. ಆದ್ರ ರಿಜಿಸ್ಟರಿನ್ಯಾಗ ಸಫಾಯಿ ಆಗೇತಿ ಅಂತ ಬರಿಬೇಕು. ವಿರುಪಣ್ಣ ಬರಿಯಂಗಿಲ್ಲ, ನೀ ಬರದು ನೀನ ಸಹಿ ಹಾಕು” ಎಂದರು. ನಾಳೆ ಸಿಕ್ಕಿಬಿದ್ದರೆ ಸುಳ್ಳು ಬರೆದವಳು ನಾನು, ಅವರು ಅಲ್ಲ. ಆಗದು ಎಂದೆ. “ಹಂಗಾದ್ರ ನಾಲ್ಕು ಗಂಟೆಕ ಸಫಾಯಿ ನಡಿತೈತಿ” ಎಂದು ಫೈಲು ಮುಚ್ಚಿದರು. ಬಾಯಿಯಲ್ಲಿ ಪಾನ್ ಇತ್ತು. ಕೆಂಪು ಎಂಜಲು ಫೈಲಿನ ಮೇಲೆ ಬಿತ್ತು, ಬೆರಳಿನಿಂದ ಸಾರಿಸಿದರು.

ಸುಳ್ಳು ಬರೆಯುವುದು ನನ್ನಿಂದ ಆಗದು, ಅಪ್ಪಾ. ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಗೇಟಿನ ರಿಜಿಸ್ಟರಿನಲ್ಲಿ ಒಂದು ಸುಳ್ಳು ಸಾಲು ಇಲ್ಲ ಎಂದು ಊರೆಲ್ಲ ಹೇಳುತ್ತದೆ. ನಾನು ಸಣ್ಣವಳಿದ್ದಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಕಿ ಕಲಿತವಳು. ಅಂಥವನ ಮಗಳಾಗಿ ಇಂಥವರ ಸುಳ್ಳಿಗೆ ಹೇಗೆ ಸಹಿ ಹಾಕಲಿ? ಹಾಕದಿದ್ದರೆ ಹನ್ನೊಂದು ಊರಿಗೆ ನೀರಿಲ್ಲ. ಹಾಕಿದರೂ ಹೊಲಸು, ಹಾಕದಿದ್ದರೂ ಹೊಲಸು. ಜುಲೈ ಒಂದರೊಳಗೆ ಶುರು ಮಾಡದಿದ್ದರೆ ಪಟ್ಟಿ ಸಮಯಕ್ಕೆ ಆಗುವುದಿಲ್ಲ.

ಈ ಸಲವಾದರೂ ಸರಿಯಾಗಿ ಉತ್ತರ ಬರೆ.

ನಿನ್ನ ಮಗಳು,
ಗಾಳೆಮ್ಮ


ಸೈಫನ್ ವಸತಿ
21-6-1987

ಚಿರಂಜೀವಿ ಗಾಳೆಮ್ಮಗೆ.

ನನ್ನ ಮೈ ಚೆನ್ನಾಗಿದೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಧೈರ್ಯ ಸಾಲದೆ ಕೋಳಿಮರಿಯ ವಿಷಯ ಬರೆದೆ.

ಗೊತ್ತಿದ್ದೂ ಇನ್ನೊಬ್ಬನ ರುಮಾಲು ತೆಗೆಯುವವನು ಎಂಥಾ ಮನುಷ್ಯ ಎಂದು ನೀನು ಕೇಳಿದ್ದೆ. ನಾನು ತೆಗೆದಿದ್ದೇನೆ.

ಗ್ಯಾನಪ್ಪ ಕಾಕಾ ನಿನಗೆ ನೆನಪಿರಬೇಕು. ಯಲಬುರ್ಗಾದಿಂದ ನಾವಿಬ್ಬರೂ ಒಂದೇ ದಿನ ಇಲ್ಲಿಗೆ ಬಂದು ಕೆಲಸಕ್ಕೆ ಸೇರಿದವರು. ನಾನು ಲಸ್ಕರ, ಅವನು ಗ್ಯಾಂಗಿನವನು. ನಿನಗೆ ಹಸಿ ಶೇಂಗಾ ತಂದು ಕೊಡುತ್ತಿದ್ದ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಯಾಕೆ ಎಂದು ನೀನು ಕೇಳಿದಾಗ ಕೆಳಗೆ ಹೊಲ ಸಿಕ್ಕಿದೆ, ಅವನಿಗೆ ಪುರುಸೊತ್ತಿಲ್ಲ ಎಂದು ಹೇಳಿದ್ದೆ. ಅದು ಸುಳ್ಳು.

ಎಪ್ಪತ್ನಾಲ್ಕನೇ ಇಸವಿ ಜುಲೈ. ಬೆಳಗ್ಗೆ ಆರಕ್ಕೆ ನೀರು ಬಿಡಬೇಕೆಂದು ಸುತ್ತೋಲೆ. ಆಗಿನ ಸಾಹೇಬರು ಜೀಪಿನಲ್ಲಿ ಬಂದು ಗಡಿಯಾರ ನೋಡುತ್ತಾ ನಿಂತಿದ್ದರು. ಚಕ್ರದ ಮೇಲೆ ರುಮಾಲು ಇತ್ತು. ಉಳಿದ ಹೂಳು ತೆಗೆಯಲು ಗ್ಯಾನಪ್ಪ ನಸುಕಿನಲ್ಲೇ ಇಳಿದಿದ್ದ. ರುಮಾಲು ಅವನದು ಎಂದು ನನಗೆ ಗೊತ್ತಿತ್ತು. ಅದರ ಅಂಚು ಹರಿದಾಗ ಅವನ ಹೆಂಡತಿ ಹುಲಿಗವ್ವ ಹಸಿರು ದಾರದಲ್ಲಿ ಹೊಲಿದಿದ್ದಳು.

ಸಾಹೇಬರು, “ಟೈಮ್ ಆತು ಓಬಳೆಪ್ಪ. ಯಾರದರ ಅರಿವಿ ಉಳದಿರಬೇಕು, ತೆಗಿ” ಎಂದರು. ಒಳಗೆ ಮನುಷ್ಯ ಇದ್ದಾನೆ ಎಂದು ನಾನು ಹೇಳಲಿಲ್ಲ. ಸುರಂಗದ ಬಾಯಿಗೆ ಹೋಗಿ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸಾಹೇಬರ ಮುಂದೆ ಕೂಗುವುದು ಚಂದ ಅಲ್ಲ ಅನ್ನಿಸಿತು. ಇದನ್ನು ನೀನು ನಂಬಬೇಕು, ನನಗೆ ಅನ್ನಿಸಿದ್ದು ಅಷ್ಟೇ. ಇಷ್ಟೊತ್ತಿಗೆ ಅವನು ಆಚೆ ಕಡೆ ಎದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡು ಚಕ್ರ ತಿರುಗಿಸಿದೆ.

ಅವನು ಸಾಯಲಿಲ್ಲ. ಕಾಲಿಗೆ ನೀರು ತಾಗಿದ ಕೂಡಲೇ ಆಚೆ ಬಾಯಿಗೆ ಓಡಿದನಂತೆ. ಏಳುವ ಹೊತ್ತಿಗೆ ನೀರು ಎದೆಮಟ್ಟ ಬಂದಿತ್ತು. ಏರಿಯ ಮೇಲೆ ನಡೆದುಕೊಂಡು ನನ್ನ ಹತ್ತಿರ ಬಂದ. ನನ್ನ ಹೆಗಲಿನಿಂದ ರುಮಾಲು ಎಳೆದುಕೊಂಡ, ಮುಖ ಒರೆಸಿಕೊಂಡ, ಹೋದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾರದಲ್ಲಿ ಕೆಲಸ ಬಿಟ್ಟ. ಮೂರು ಮೈಲು ಕೆಳಗೆ ಅವನ ಹೊಲ. ಹದಿಮೂರು ವರ್ಷವಾಯಿತು, ನನ್ನ ಜೊತೆ ಒಂದು ಮಾತು ಆಡಿಲ್ಲ. ಸಂತೆಯಲ್ಲಿ ಎದುರಾದರೆ ಬಸ್ಸಿಗೆ ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿಯುತ್ತಾನೆ. ನಿನ್ನ ಅವ್ವನಿಗೂ ನಾನು ಇದನ್ನು ಹೇಳಿಲ್ಲ.

ಇನ್ನು ನನ್ನ ರಿಜಿಸ್ಟರಿನ ವಿಷಯ. ಅವತ್ತಿನ ಪುಟದಲ್ಲಿ ‘ಬೆಳಗ್ಗೆ 6.00ಕ್ಕೆ ಆದೇಶದಂತೆ ಗೇಟು ತೆರೆಯಲಾಯಿತು’ ಎಂದು ಬರೆದಿದ್ದೇನೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನೀನು ಅಂಕಿ ಕಲಿತದ್ದು ಅದೇ ಪುಸ್ತಕದಲ್ಲಿ. ನೀನು ತೊಡೆಯ ಮೇಲೆ ಇಟ್ಟುಕೊಂಡು ಪುಟ ತಿರುವುವಾಗ ನನಗೆ ನನ್ನ ಮೇಲೇ ಹೇಸಿಗೆ ಬರುತ್ತಿತ್ತು.

ಸಹಿ ಹಾಕು. ನಾನು ಹೇಳಿದೆ ಎಂದು ಹಾಕಬೇಡ. ಯೋಚನೆ ಮಾಡಿ ಹಾಕು.

ಓಬಳೆಪ್ಪ


ಭಾಗ್ಯನಗರ
5-7-1987

ಅಪ್ಪಾ,

ಪಟ್ಟಿ ಆಯಿತು.

ಮೊದಲು ನಿನ್ನ ಕಾಗದದ ಮಾತು. ಓದಿ ನನಗೆ ಹೇಸಿಗೆ ಆಯಿತು. ಇಲ್ಲ ಎಂದು ಬರೆದರೆ ಅದೂ ಒಂದು ಸುಳ್ಳು, ಈಗಾಗಲೇ ಒಂದು ಸುಳ್ಳು ಬರೆದಿದ್ದೇನೆ, ಸಾಕು. ಎರಡು ದಿನ ನಿನ್ನ ಮುಖ ಕಣ್ಣ ಮುಂದೆ ತಂದುಕೊಳ್ಳಲು ಆಗಲಿಲ್ಲ. ಗ್ಯಾನಪ್ಪ ಕಾಕಾ ಕತ್ತಲಲ್ಲಿ ಕಾಲಿಗೆ ತಣ್ಣಗೆ ತಾಗಿದ್ದನ್ನು ಏನೆಂದು ತಿಳಿದನೋ ಎಂದು ಯೋಚನೆ ಬಂದು ಬಂದು ಹೋಯಿತು. ಶೇಂಗಾ ಬರುವುದು ನಿಂತಾಗ ಅವನು ಜಂಬಗಾರ ಎಂದು ನಾನು ಬೈದಿದ್ದೆ, ನೀನು ಕೇಳಿಸಿಕೊಂಡು ಸುಮ್ಮನಿದ್ದೆ. ಅದು ನೆನಪಾದಾಗ ಇನ್ನೂ ಕೆಟ್ಟದೆನಿಸಿತು. ಆದರೆ ನೀನು ಬರೆಯದೇ ಇದ್ದಿದ್ದರೆ ನಾನು ನಿನ್ನ ರಿಜಿಸ್ಟರಿಗೆ ಕೈಮುಗಿಯುತ್ತಾ ಹನ್ನೊಂದು ಊರನ್ನು ಒಣಗಿಸುತ್ತಿದ್ದೆ.

ಮಂಗಳವಾರ ಮೂರಕ್ಕೆ ಶುರು ಮಾಡಿದೆ. ಎರಡೂ ದಿನ ನಾಲ್ಕಕ್ಕೆ ರಿಜಿಸ್ಟರಿನಲ್ಲಿ ‘ಸಫಾಯಿ ಆಗಿದೆ’ ಎಂದು ಬರೆದು ಸಹಿ ಹಾಕಿದೆ. ಕೈ ತೊಳೆದುಕೊಂಡೆ, ಹೇಸಿಗೆ ಹೋಗಲಿಲ್ಲ. ಇನ್ನೊಂದು ಪುಸ್ತಕದಲ್ಲಿ ನಿಜವನ್ನು ಬರೆದು, ತಾರೀಕು ಹಾಕಿ, ಫಕ್ರುದ್ದೀನರ ಸಹಿ ಮಾಡಿಸಿ ಇಟ್ಟಿದ್ದೇನೆ. ಯಾರಾದರೂ ಕೇಳಿದರೆ ತೋರಿಸುತ್ತೇನೆ. ಯಾರೂ ಕೇಳುವುದಿಲ್ಲ.

ಬುಧವಾರ ಬೆಳಗ್ಗೆ ವಿರುಪಣ್ಣ ಬಂದು ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡ. ನಾನು ಅವನನ್ನು ಕರೆದಿರಲಿಲ್ಲ. “ನೀವು ಎಲ್ಲೆರ ಹೋಗ್ರಿ ಬಾಯಾರ, ನಾ ಇಲ್ಲೇ ಕುಂತಿರ್ತೀನಿ. ಯಾರ ಹೇಳಿದ್ರೂ ಮುಟ್ಟಂಗಿಲ್ಲ” ಎಂದ. ಊಟಕ್ಕೂ ಏಳಲಿಲ್ಲ. ಸಂಜೆ ಐದಕ್ಕೆ ಬಿಲ್ಡ್ ಮುಗಿಯಿತು. ಚಹಾ ತಂದ. ನಿನ್ನನ್ನು ನೆನೆದು ಕುಡಿದೆ. ಪೂರ್ತಿ ಕುಡಿಯಲಾಗಲಿಲ್ಲ.

ನಿನ್ನೆ ಸಮಾರಂಭ. ದೊಡ್ಡ ಸಾಹೇಬರು ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿದರು, ಎಸಳು ಒಳಗೆ ಹೋಗಿ ಫಕ್ರುದ್ದೀನರು ಒಂದು ತಾಸು ಹೆಕ್ಕಿದರು. ನಮ್ಮ ಸಾಹೇಬರು ಮೈಕು ಹಿಡಿದು, ದಿನಾಲೂ ತಪ್ಪದೆ ನಾಲ್ಕು ಗಂಟೆಗೆ ಸಫಾಯಿ ನಡೆಸಿದ್ದರಿಂದಲೇ ಈ ಪಟ್ಟಿ ಸಾಧ್ಯವಾಯಿತು ಎಂದರು. ಸಾಕ್ಷಿಗೆ ರಿಜಿಸ್ಟರು ಎತ್ತಿ ತೋರಿಸಿದರು. ಮಂದಿ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಭೀಮಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು, ನಗುವುದಕ್ಕೋ ಉಗುಳುವುದಕ್ಕೋ ಗೊತ್ತಾಗಲಿಲ್ಲ.

ಪಟ್ಟಿಯನ್ನು ನಾಳೆ ಜೀಪಿನಲ್ಲಿ ಕಳಿಸುತ್ತಾರೆ. ಪ್ರತಿಯೊಬ್ಬರ ಚೀಟಿಯನ್ನು ಲಸ್ಕರನೇ ಅವರವರ ಮನೆಗೆ ಮುಟ್ಟಿಸಬೇಕು. ಕಾಲುವೆಯ ಕಟ್ಟಕಡೆಯ ಹೊಲದಿಂದ ಪಾಳಿ ಶುರು. ಮೊದಲನೇ ಹೆಸರು ಗ್ಯಾನಪ್ಪ ಕಾಕಾನದು: ಹತ್ತನೇ ತಾರೀಕು ಶುಕ್ರವಾರ, ಬೆಳಗ್ಗೆ ಆರು. ಅದನ್ನು ನಾನು ಹಾಕಿದ್ದಲ್ಲ, ಅವನ ಹೊಲ ಕೊನೆಯದು, ಅದಕ್ಕೆ ಬಂದಿದೆ.

ಆ ಚೀಟಿಯನ್ನು ಬೇರೆ ಯಾರ ಕೈಯಲ್ಲೂ ಕಳಿಸಬೇಡ.

ಗಾಳೆಮ್ಮ


ಸೈಫನ್ ವಸತಿ
12-7-1987

ಚಿರಂಜೀವಿ ಗಾಳೆಮ್ಮಗೆ ಅಪ್ಪ ಅವ್ವನ ಆಶೀರ್ವಾದ.

ನೀರು ಹನ್ನೊಂದೂ ಊರಿಗೆ ಹೊರಟಿದೆ. ಮೇಲಿನವರು ಬಂದು ಗಲಾಟೆ ಮಾಡಿದರು. ಅಚ್ಚಾದ ಪಟ್ಟಿ ತೋರಿಸಿದೆ. ಕಂಪ್ಯೂಟರ್ ಮಾಡಿದ್ದು ಎಂದಾಗ ಒಬ್ಬನೂ ಬಾಯಿ ತೆರೆಯಲಿಲ್ಲ. ನನ್ನ ಮಗಳು ಮಾಡಿದ್ದು ಎಂದಿದ್ದರೆ ಹರಿದು ಹಾಕುತ್ತಿದ್ದರು, ಅದಕ್ಕೆ ಹೇಳಲಿಲ್ಲ.

ಗುರುವಾರ ಗ್ಯಾನಪ್ಪನ ಮನೆಗೆ ನಾನೇ ಹೋದೆ. ಹೊರಗೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೂರು ಎನ್ನಲಿಲ್ಲ. ಹುಲಿಗವ್ವ ಒಳಗಿನಿಂದ ಚರಿಗೆಯಲ್ಲಿ ನೀರು ತಂದು ಕೆಳಗಿಟ್ಟಳು, ಕೈಗೆ ಕೊಡಲಿಲ್ಲ. ಚೀಟಿ ಚಾಚಿದೆ. ಹಗ್ಗ ಬಿಟ್ಟು ಚೀಟಿ ತೆಗೆದುಕೊಂಡ. ಎಪ್ಪತ್ನಾಲ್ಕರ ವಿಷಯ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ತಪ್ಪಾತು ಗ್ಯಾನಪ್ಪ” ಎಂದೆ.

ಅವನು ಚೀಟಿಯನ್ನೇ ನೋಡುತ್ತಿದ್ದ. ಅವನಿಗೆ ಓದಲು ಬರುವುದಿಲ್ಲ. “ಎಷ್ಟ ಗಂಟೆಕ?” ಎಂದು ಕೇಳಿದ. ಹದಿಮೂರು ವರ್ಷದ ಮೇಲೆ ಮೊದಲನೇ ಮಾತು.

“ಆರು ಗಂಟೆಕ” ಎಂದೆ.

“ಆರು ಗಂಟೆಕ ಬ್ಯಾಡ. ನಾ ಬಂದು ನಿನ್ನ ಮುಂದ ನಿಂತ ಮ್ಯಾಲ ತೆಗಿ.”

ಮತ್ತೆ ಹಗ್ಗ ಹಿಡಿದ. ನಾನು ತಿರುಗಿ ಬಂದೆ.

ಶುಕ್ರವಾರ ಬೆಳಗ್ಗೆ ಆರಾಯಿತು. ಇಲ್ಲಿಯ ಈಗಿನ ಸಾಹೇಬರು ಜೀಪಿನಿಂದ ಇಳಿದು ಗಡಿಯಾರ ತೋರಿಸಿದರು. ಚಕ್ರ ಖಾಲಿ ಇತ್ತು, ಸೈಫನ್ನಿನಲ್ಲಿ ಯಾರೂ ಇಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಸುರಂಗದ ಎರಡೂ ಬಾಯಿಗೆ ಹೋಗಿ ಕೂಗಿದೆ. ಸಾಹೇಬರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡರು. ಆರೂ ಇಪ್ಪತ್ತಕ್ಕೆ ಗ್ಯಾನಪ್ಪ ಏರಿಯ ಮೇಲೆ ಬರುವುದು ಕಂಡಿತು. ಅವಸರ ಮಾಡಲಿಲ್ಲ, ನಿಧಾನ ನಡೆದು ಬಂದ. ನನ್ನ ಮುಂದೆ ನಿಂತ. ಚಕ್ರ ತಿರುಗಿಸಿದೆ. ನೀರು ಹೊರಟಿದ್ದನ್ನು ನೋಡಿ, ಅದರ ಜೊತೆ ಕೆಳಗೆ ನಡೆದುಹೋದ.

ರಿಜಿಸ್ಟರಿನಲ್ಲಿ 6.25 ಎಂದು ಬರೆದೆ. ತಡ ಯಾಕಾಯಿತು ಎಂದು ಸಾಹೇಬರು ಮೆಮೊ ಕೊಟ್ಟಿದ್ದಾರೆ. ನಿನ್ನನ್ನು ಕೇಳಿ ಆಫೀಸಿನ ಭಾಷೆಯಲ್ಲಿ ಉತ್ತರ ಬರೆಯಬೇಕೆಂದಿದ್ದೆ. ಆಮೇಲೆ ನಾನೇ ಒಂದು ಸಾಲು ಬರೆದು ಕಳಿಸಿದೆ: ಮನುಷ್ಯ ಬರುವವರೆಗೆ ಕಾದೆ.

ನಿನ್ನ ಅಪ್ಪ,
ಓಬಳೆಪ್ಪ